ತಲೆಗೆ ತಾಗದ ಬಾಚಣಿಗೆ

ಹೊಸ ಪ್ಲಾಸ್ಟಿಕ್ ಬಾಚಣಿಗೆಗೆ ಒಂದು ವಾಸನೆ ಇರುತ್ತದೆ. ಸ್ವಲ್ಪ ಔಷಧದ್ದು, ಸ್ವಲ್ಪ ಮಕ್ಕಳ ಆಟಿಕೆಯದ್ದು, ರಟ್ಟಿನಿಂದ ಬಿಡಿಸಿ ಕೈಗೆ ಕೊಡುವ ಹೊತ್ತಿಗೆ ಮಾತ್ರ ಬರುವಂಥದ್ದು. ನಿಮಗೆ ಅದರಲ್ಲಿ ವಿಶೇಷ ಏನೂ ಕಾಣಲಿಕ್ಕಿಲ್ಲ. ನನಗೆ ಮಾತ್ರ ಆ ವಾಸನೆಯ ಬೆನ್ನಿಗೇ ತೆಂಗಿನ ಹಾಲು, ಏಲಕ್ಕಿ, ಕಾದ ಎಣ್ಣೆ ಎಲ್ಲವೂ ಬಂದು, ಶಿರ್ವದ ನಮ್ಮ ಮನೆಯ ಅಡಿಗೆಕೋಣೆ ಕಣ್ಣೆದುರು ನಿಲ್ಲುತ್ತದೆ. ಈಗ ಆ ಮನೆ ಇಲ್ಲ. ಕಳೆದ ವಾರ ಸಂತೆಕಟ್ಟೆಯ ಅಂಗಡಿಯಲ್ಲಿ ಹಳದಿ ಬಾಚಣಿಗೆಯೊಂದನ್ನು ಆರಿಸಿಕೊಂಡೆ. ಅಂಗಡಿಯ ಹೆಂಗಸು ನನ್ನ ಜಡೆ ನೋಡಿ, "ಇದು ನಿಮ್ಮ ಕೂದಲಿಗೆ ಆಗ್ಲಿಕ್ಕಿಲ್ಲ ಮೇಡಂ, ಹಲ್ಲು ತುಂಡಾಗ್ತದೆ" ಎಂದಳು. "ಕೂದಲಿಗಲ್ಲ, ತಿಂಡಿಗೆ" ಎಂದೆ. ಅವಳು ನನ್ನನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿ, ಚಿಲ್ಲರೆ ಕೊಟ್ಟಳು. ಪಾಪ, ಹುಚ್ಚಿ ಅಂದುಕೊಂಡಿರಬೇಕು.

ನಮ್ಮ ಕಡೆಯ ಕ್ರಿಶ್ಚಿಯನ್ನರ ಮನೆಗಳಲ್ಲಿ ಕ್ರಿಸ್ಮಸ್ಸಿಗೆ ಮಾಡುವ ತಿಂಡಿಗಳಿಗೆಲ್ಲ ಸೇರಿ ಕುಸ್ವಾರ್ ಎಂದು ಹೆಸರು. ಅದರಲ್ಲಿ ಕಿಡಿಯೊ ಎಂಬುದೊಂದು. ಕೊಂಕಣಿಯಲ್ಲಿ ಹಾಗೆಂದರೆ ಹುಳಗಳು. ತಿನ್ನುವ ವಸ್ತುವಿಗೆ ಇಂಥ ಹೆಸರಿಟ್ಟ ಪುಣ್ಯಾತ್ಮರು ಯಾರೋ ಗೊತ್ತಿಲ್ಲ. ಮೈದಾಕ್ಕೆ ತೆಂಗಿನ ಹಾಲು ಹಾಕಿ ನಾದಿ, ಗೋಲಿಯಷ್ಟು ಉಂಡೆ ಮಾಡಿ, ಎಣ್ಣೆ ಸವರಿದ ಬಾಚಣಿಗೆಯ ಹಲ್ಲುಗಳ ಮೇಲೆ ಹೆಬ್ಬೆರಳಲ್ಲಿ ಒತ್ತಿ ಸುರುಳಿ ಸುತ್ತಿದರೆ ಮೈತುಂಬ ಗೆರೆ ಇರುವ ಪುಟ್ಟ ಹುಳ ತಯಾರು. ಅದನ್ನು ಕರಿದು ಸಕ್ಕರೆ ಪಾಕದಲ್ಲಿ ಹೊರಳಿಸಬೇಕು. ಬಾಚಣಿಗೆ ಹೊಸತಾಗಿರಬೇಕು, ಯಾರ ತಲೆಗೂ ತಾಗಿರಬಾರದು. ಪ್ರತಿ ಡಿಸೆಂಬರಿನಲ್ಲಿ ಮಮ್ಮಿ ಶಿರ್ವ ಪೇಟೆಯಿಂದ ಒಂದನ್ನು ತಂದು, ನಮ್ಮ ಕೈಗೆ ಸಿಗದ ಹಾಗೆ ಮೈದಾ ಡಬ್ಬದೊಳಗೇ ಹುಗಿದಿಡುತ್ತಿದ್ದಳು. ಕೆಲಸ ಮುಗಿದ ಮೇಲೆ ಅದು ನಮ್ಮ ಗೊಂಬೆಗಳ ಪಾಲಾಗುತ್ತಿತ್ತು.

ನಾನು ಹೇಳಹೊರಟಿರುವ ವರ್ಷ ನನಗೆ ಹತ್ತು. ತಂಗಿ ಲವಿಟಾಳಿಗೆ ಏಳು, ಎಲ್ಲರಿಗಿಂತ ಸಣ್ಣವಳು ಅನಿಶಾಳಿಗೆ ನಾಲ್ಕು. ಮಮ್ಮಿಗೆ ಎದೆಯ ಕ್ಯಾನ್ಸರ್. ಮಳೆಗಾಲದಿಂದಲೇ ಮಣಿಪಾಲದ ಆಸ್ಪತ್ರೆಗೆ ಹೋಗಿ ಬರುವುದು ನಡೆದಿತ್ತು. ಮೊಣಕಾಲಿನ ತನಕ ಬರುತ್ತಿದ್ದ ಅವಳ ಕೂದಲು ಒಂದೇ ತಿಂಗಳಲ್ಲಿ ಹೋಗಿ, ತಲೆಗೊಂದು ಹೂವಿನ ಸ್ಕಾರ್ಫ್ ಬಂದಿತ್ತು. ಕುವೈತಿನಲ್ಲಿದ್ದ ಡ್ಯಾಡಿ ಎರಡು ತಿಂಗಳು ರಜೆ ಹಾಕಿ ಬಂದರು. ಬಂದ ದಿನವೇ ಅವರು ಮಾಡಿದ ಮೊದಲ ಕೆಲಸವೆಂದರೆ ಮನೆಯಲ್ಲಿದ್ದ ಬಾಚಣಿಗೆಗಳನ್ನೆಲ್ಲ ಒಟ್ಟುಮಾಡಿ ಎಲ್ಲಿಯೋ ಅಡಗಿಸಿಟ್ಟದ್ದು. ಅವಳ ಕಣ್ಣಿಗೆ ಬಿದ್ದರೆ ಬೇಜಾರಾಗುತ್ತದೆ ಎಂದು. ನಾವು ಮೂವರೂ ತಲೆ ಬಾಚಿಸಿಕೊಳ್ಳಲು ದಿನಾ ಬೆಳಿಗ್ಗೆ ಪಕ್ಕದ ಮನೆಯ ಗಿರಿಜಕ್ಕನ ಜಗಲಿಗೆ ಹೋಗಬೇಕಿತ್ತು. ಗಿರಿಜಕ್ಕ ಎಷ್ಟು ಬಿಗಿಯಾಗಿ ಜಡೆ ಹಾಕುತ್ತಿದ್ದರೆಂದರೆ ನಮ್ಮ ಹುಬ್ಬುಗಳೆಲ್ಲ ಮೇಲೆ ಏರಿ, ದಿನವಿಡೀ ಯಾವುದನ್ನೋ ಕಂಡು ಬೆರಗಾದವರ ಹಾಗೆ ತಿರುಗುತ್ತಿದ್ದೆವು.

ಡಿಸೆಂಬರ್ ಎರಡನೆಯ ವಾರ ಕಾರ್ಕಳದಿಂದ ಮಾವ್ಶಿ, ಅಂದರೆ ಮಮ್ಮಿಯ ಅಕ್ಕ, ಅವಳನ್ನು ನೋಡಲು ಬಂದಳು. ನಾನು ಬಾವಿಕಟ್ಟೆಯ ಹಿಂದೆ ತೆಂಗಿನ ಗೆರಟೆಗಳಿಗೆ ಮಣ್ಣು ತುಂಬಿಸಿ ಭತ್ತ ಬಿತ್ತುತ್ತಿದ್ದೆ. ಹಬ್ಬಕ್ಕೆ ಕಟ್ಟುವ ಗೋದಲಿಯ ಬಾಲಯೇಸುವಿನ ಸುತ್ತ ಹಸಿರು ಗದ್ದೆ ಕಾಣಬೇಕಾದರೆ ಹದಿನೈದು ದಿನ ಮೊದಲೇ ಬಿತ್ತಬೇಕು. ಕಟ್ಟೆಯ ಆಚೆ ಬದಿಯಲ್ಲಿ ಮಾವ್ಶಿ ಗಿರಿಜಕ್ಕನಿಗೆ ಸಣ್ಣ ದನಿಯಲ್ಲಿ ಹೇಳುತ್ತಿದ್ದಳು: "ಇದೇ ಕೊನೆಯ ಕ್ರಿಸ್ಮಸ್ಸೋ ಏನೋ ಗಿರಿಜಾ. ಮಕ್ಕಳು ಕಣ್ತುಂಬ ನೋಡಿಕೊಳ್ಳಲಿ ತಾಯಿಯನ್ನು." ನನ್ನ ಕೈಯ ಭತ್ತವೆಲ್ಲ ಒಂದೇ ಗೆರಟೆಗೆ ಬಿತ್ತು. ನಾನು ಅಳಲಿಲ್ಲ. ನನಗೆ ಯಾರೋ ದೊಡ್ಡ ಕೆಲಸ ವಹಿಸಿದ ಹಾಗಾಯಿತು. ಅಂದಿನಿಂದ ನಾನು ಮಮ್ಮಿಯನ್ನು ಪರೀಕ್ಷೆಗೆ ಓದುವ ಹಾಗೆ ಬಾಯಿಪಾಠ ಮಾಡತೊಡಗಿದೆ. ಎಡಗಿವಿಯ ಕೆಳಗಿನ ಮಚ್ಚೆ, ನಕ್ಕರೆ ಒಂದು ಬದಿಗೆ ಮಾತ್ರ ಬೀಳುವ ಗುಳಿ, ಚಾ ಕುಡಿಯುವ ಮೊದಲು ಲೋಟದೊಳಗೆ ಊದುವ ರೀತಿ, "ಓ ದೇವಾ" ಎಂದು ನೆಲದಿಂದ ಏಳುವುದು, ಎಲ್ಲವನ್ನೂ. ರಾತ್ರಿ ಮಲಗುವಾಗ ಕಣ್ಣು ಮುಚ್ಚಿ ಒಪ್ಪಿಸಿ, ಮರೆತದ್ದನ್ನು ಬೆಳಿಗ್ಗೆ ಹೋಗಿ ನೋಡಿಕೊಂಡು ಬರುತ್ತಿದ್ದೆ. "ಎಂತ ಬಾಯೆ ಹೀಗೆ ದಿಟ್ಟಿಸ್ತೀ? ನನಗೆ ಕೊಂಬು ಬಂದಿದೆಯಾ?" ಎಂದು ಅವಳು ಕೇಳಿದರೆ ಓಡಿಬಿಡುತ್ತಿದ್ದೆ. ತಂಗಿಯರಿಗೆ ನಾನೇನೂ ಹೇಳಲಿಲ್ಲ. ಅನಿಶಾಳಿಗಂತೂ ಮನೆಯಲ್ಲಿ ಯಾರೂ ಏನೂ ಹೇಳಿರಲಿಲ್ಲ. ಅವಳ ಮಟ್ಟಿಗೆ ಅದು ಡ್ಯಾಡಿ ಮನೆಯಲ್ಲಿರುವ ವರ್ಷ, ಅಷ್ಟೇ.

ಶಾಲೆಗೆ ರಜೆ ಸಿಕ್ಕಿದ ಮರುದಿನ ಕಿಡಿಯೊ ಮಾಡುವುದೆಂದಾಯಿತು. ಮಮ್ಮಿಗೆ ಅಂದು ಸ್ವಲ್ಪ ಗೆಲುವಿತ್ತು. ಡ್ಯಾಡಿ ಅಡಿಗೆಕೋಣೆಯ ನೆಲಕ್ಕೆ ಚಾಪೆ ಹಾಸಿ, ಗೋಡೆಗೆ ತಲೆದಿಂಬು ಒರಗಿಸಿ ಅವಳನ್ನು ಕೂರಿಸಿದರು. ಹಿಟ್ಟನ್ನು ತಾವೇ ನಾದಿದ್ದರು. ಆಮೇಲೆ ದೊಡ್ಡ ಸಂಭ್ರಮದಿಂದ ಒಂದು ಪೊಟ್ಟಣ ಬಿಚ್ಚಿ ಐದು ಸ್ಟೀಲ್ ಫೋರ್ಕುಗಳನ್ನು ಸಾಲಾಗಿ ಇಟ್ಟರು. "ಕುವೈತಿನಲ್ಲಿ ನಮ್ಮವರೆಲ್ಲ ಈಗ ಇದರಲ್ಲೇ ಮಾಡುವುದು. ಒಳ್ಳೆ ಗೆರೆ ಬರ್ತದೆ" ಎಂದರು, ಯಾರ ಮುಖವನ್ನೂ ನೋಡದೆ. ಮಮ್ಮಿ ಫೋರ್ಕು ನೋಡಿದಳು, ನಮ್ಮ ಏರಿದ ಹುಬ್ಬುಗಳನ್ನು ನೋಡಿದಳು, ಡ್ಯಾಡಿಯನ್ನು ನೋಡಿದಳು. ಎಷ್ಟು ದಿನದಿಂದ ಅವಳಿಗೆ ಗೊತ್ತಿತ್ತೋ!

"ಬಾಚಣಿಗೆ ಎಲ್ಲಿ?" ಎಂದಳು.

"ಅದು... ಅಂಗಡಿಯಲ್ಲಿ ಮುಗಿದಿದೆಯಂತೆ."

"ಶಿರ್ವ ಪೇಟೆಯಲ್ಲಿ ಬಾಚಣಿಗೆ ಮುಗಿದಿದೆ? ಕೂದಲು ಹೋಗಿರುವುದು ನನ್ನದು ಮಾರಾಯ್ರೇ. ಕಿಡಿಯೊ ಯಾಕೆ ಬೋಳಾಗಬೇಕು?"

ಮೊದಲು ನಕ್ಕವಳು ಅವಳೇ. ಆಮೇಲೆ ಡ್ಯಾಡಿ ನಕ್ಕರು, ನಕ್ಕು ನಕ್ಕು ಕಣ್ಣೊರೆಸಿಕೊಂಡರು, ಬೇಗ ಬೇಗ ಸ್ಕೂಟರ್ ಹತ್ತಿ ಹೋಗಿಬಿಟ್ಟರು. ತಿರುಗಿ ಬಂದಾಗ ಚೀಲದಲ್ಲಿ ಒಂದಲ್ಲ, ಐದು ಬಾಚಣಿಗೆಗಳು, ಐದು ಬಣ್ಣದವು. ಮನೆಯಲ್ಲಿ ಐದು ಜನ, ಹಾಗಾಗಿ ಐದು ತಂದಿದ್ದರು. ಹಂಚುತ್ತ ಹಂಚುತ್ತ ಹಳದಿಯದನ್ನು ಮಮ್ಮಿಯ ಕಡೆ ಚಾಚಿದವರು, ತಾವು ಏನು ಮಾಡುತ್ತಿದ್ದೇವೆಂದು ಆಗ ಹೊಳೆದು, ಕೈಯನ್ನು ಅಲ್ಲಿಯೇ ನಿಲ್ಲಿಸಿಬಿಟ್ಟರು. ಮಮ್ಮಿ ಅದನ್ನು ತೆಗೆದುಕೊಂಡಳು. "ಇರಲಿ, ಕೊಡಿ. ಬೆಳೆದಾಗ ಬೇಕಾಗ್ತದಲ್ವಾ" ಎಂದಳು.

ಆ ಮಧ್ಯಾಹ್ನವನ್ನು ನಾನು ಹೇಗೆ ಹೇಳಲಿ? ಕಿಟಕಿಯಿಂದ ಬಿಸಿಲು ಹಿಟ್ಟಿನ ಪರಾತದ ಮೇಲೆ ಬಿದ್ದಿತ್ತು. ಹೊರಗೆ ಮಾವಿನ ಮರದಲ್ಲಿ ಡ್ಯಾಡಿ ಕಟ್ಟಿದ ಕಾಗದದ ನಕ್ಷತ್ರ ಗಾಳಿಗೆ ಪಟಪಟ ಅನ್ನುತ್ತಿತ್ತು. ಲವಿಟಾ ಹಸಿ ಹಿಟ್ಟು ಕದ್ದು ತಿಂದು ಬೈಸಿಕೊಳ್ಳುತ್ತಿದ್ದಳು. ಅನಿಶಾ ಡ್ಯಾಡಿಯ ತೊಡೆ ಏರಿ ಕೂತಿದ್ದಳು. ನಾನು ಮಮ್ಮಿಯ ಎದುರಿಗೇ ಕೂತು ಅವಳ ಹೆಬ್ಬೆರಳನ್ನು ನೋಡುತ್ತಿದ್ದೆ. ಉಗುರಿನ ಬದಿ ಔಷಧದಿಂದ ಕಪ್ಪಾಗಿತ್ತು. ಆದರೂ ಅದು ಉಂಡೆಯನ್ನು ಒತ್ತಿ ಜಾರಿಸಿದರೆ ಕಿಡಿಯೊ ಸದ್ದಿಲ್ಲದೆ ಸುತ್ತಿಕೊಂಡು ತಟ್ಟೆಗೆ ಬೀಳುತ್ತಿತ್ತು, ಒಂದರ ಹಾಗೆಯೇ ಇನ್ನೊಂದು. ಡ್ಯಾಡಿ ಮಾಡಿದವು ದೊಡ್ಡ ದೊಡ್ಡವು, ಚಪ್ಪಟೆ. "ಇವು ಹುಳ ಅಲ್ಲ, ಹಲ್ಲಿ" ಎಂದಳು ಮಮ್ಮಿ. "ಜೆನಿ, ನೋಡು ಬಾಯೆ, ಈಗ ಸರಿ ಬಂತು, ನೋಡು" ಎಂದು ಡ್ಯಾಡಿ ನನ್ನನ್ನು ಕರೆದರು. ನಾನು ತಲೆ ಎತ್ತದೆ "ಆಮೇಲೆ ನೋಡ್ತೇನೆ ಡ್ಯಾಡಿ" ಎಂದೆ. ನನಗೆ ಪುರುಸೊತ್ತು ಎಲ್ಲಿತ್ತು?

ಆ ವರ್ಷದ ಹಬ್ಬ ಚೆನ್ನಾಗಿಯೇ ಆಯಿತು. ಇಪ್ಪತ್ತೈದರ ಬೆಳಿಗ್ಗೆ ಇಗರ್ಜಿಗೆ ಐದೂ ಜನ ಹೋದೆವು. ಕಸೂತಿ ಬಟ್ಟೆ ಮುಚ್ಚಿದ ಕುಸ್ವಾರ್ ತಟ್ಟೆಗಳನ್ನು ನಾವು ಅಕ್ಕತಂಗಿಯರು ಮನೆಮನೆಗೆ ಹೊತ್ತೆವು. ಗಿರಿಜಕ್ಕ ತಟ್ಟೆ ಬರಿದೇ ಕೊಡಬಾರದೆಂದು ಎಂದಿನಂತೆ ಒಂದು ಹಿಡಿ ಸಕ್ಕರೆ ಹಾಕಿ ಕಳಿಸಿದರು. ಎರಡು ದಿನ ಬಿಟ್ಟು, ಸಮುದ್ರ ನೋಡಬೇಕೆಂದು ಮಮ್ಮಿ ಅಂದಳೆಂದು ರಿಕ್ಷಾದಲ್ಲಿ ಕಾಪುವಿಗೆ ಹೋದೆವು. ದೀಪಸ್ತಂಭದ ಬಂಡೆಯ ಕೆಳಗೆ ಅವಳು ಮರಳಿನಲ್ಲಿ ಕಾಲು ಚಾಚಿ ಕೂತಿರುವ, ಗಾಳಿಗೆ ಸ್ಕಾರ್ಫ್ ಹಾರದಂತೆ ನಾವು ಮೂವರೂ ಅವಳ ತಲೆ ಹಿಡಿದಿರುವ ಫೋಟೋ ಈಗಲೂ ಇದೆ. ಅಂದಿನ ಎಲ್ಲ ಫೋಟೋಗಳೂ ಇವೆ. ಒಂದರಲ್ಲೂ ಡ್ಯಾಡಿ ಇಲ್ಲ, ಕ್ಯಾಮೆರಾ ಹಿಡಿದವರು ಅವರೇ. ಜನವರಿಯಲ್ಲಿ ಅವರು ಕುವೈತಿಗೆ ಹೊರಟ ದಿನ ಕಾರು ಗೇಟು ದಾಟುವಾಗ ಕೈ ಬೀಸಿದರಂತೆ. ನಾನು ಬಾಗಿಲಲ್ಲಿ ನಿಂತ ಮಮ್ಮಿ ಅಳುತ್ತಾಳೋ ಎಂದು ಅವಳ ಮುಖವನ್ನೇ ನೋಡುತ್ತಿದ್ದೆ.

ಮಮ್ಮಿ ಸಾಯಲಿಲ್ಲ. ಮಾರ್ಚಿನಲ್ಲಿ ಅವಳ ತಲೆಯ ಮೇಲೆ ಗರಿಕೆಯಂತೆ ಹೊಸ ಕೂದಲು ಕಾಣಿಸಿತು, ಈಸ್ಟರಿಗೆ ಸ್ಕಾರ್ಫ್ ಬಿಟ್ಟಳು. ಸೆಪ್ಟೆಂಬರಿನ ಒಂದು ಮಧ್ಯಾಹ್ನ ಡ್ಯಾಡಿ ಡ್ಯೂಟಿ ಮುಗಿಸಿ ರೂಮಿಗೆ ಬಂದು, ಬೂಟು ಕಳಚಲು ಮಂಚದ ಮೇಲೆ ಕೂತವರು ಮತ್ತೆ ಏಳಲಿಲ್ಲ. ಹೃದಯಾಘಾತ ಎಂದರು. ಪೆಟ್ಟಿಗೆ ಮನೆಗೆ ಬಂದಾಗ ನಾನು ಅವರ ಮುಖವನ್ನು ನೋಡಿದೆ. ಅದು ನನಗೆ ಗುರುತೇ ಇಲ್ಲದ ಮುಖದಂತೆ ಇತ್ತು. ಆ ಸಿಟ್ಟು ನನಗೆ ಇಂದಿಗೂ ಹೋಗಿಲ್ಲ, ನನ್ನ ಮೇಲಿನ ಸಿಟ್ಟು. ಎರಡು ತಿಂಗಳು ಅವರು ಅದೇ ಮನೆಯಲ್ಲಿ ಓಡಾಡಿದ್ದರು, ನಮಗೆ ಗಂಜಿ ಬಡಿಸಿದ್ದರು, ನಕ್ಷತ್ರ ಕಟ್ಟಿದ್ದರು. ನಾನು ಮಚ್ಚೆ, ಗುಳಿ, ಉಗುರು ಅಂತ ಇಡೀ ಮಮ್ಮಿಯನ್ನು ಕಂಠಪಾಠ ಮಾಡಿಕೊಂಡೆ. ಡ್ಯಾಡಿಯನ್ನು ಆಮೇಲೆ ನೋಡ್ತೇನೆ ಎಂದೆ.

ಶಿರ್ವದ ಮನೆಯನ್ನು ಕೆಲವು ವರ್ಷಗಳ ನಂತರ ಕೊಟ್ಟೆವು. ಕೊಂಡವರು ಅದನ್ನು ಕೆಡವಿ ಮೂರು ಮಾಳಿಗೆಯದು ಕಟ್ಟಿದ್ದಾರೆ. ಮಮ್ಮಿ ಈಗ ಸಂತೆಕಟ್ಟೆಯಲ್ಲಿ ನನ್ನ ಜೊತೆ ಇದ್ದಾಳೆ. ತಲೆತುಂಬ ಬಿಳಿ ಕೂದಲು. ಅದನ್ನು ಬಾಚುವುದು ಡ್ಯಾಡಿ ತಂದ ಆ ಹಳದಿ ಬಾಚಣಿಗೆಯಲ್ಲೇ. ನಡುವೆ ನಾಲ್ಕು ಹಲ್ಲು ಹೋಗಿದೆ. ಹಾಗಾಗಿ ಕಿಡಿಯೊಕ್ಕೆ ನಾನು ವರ್ಷಕ್ಕೊಂದು ಹೊಸತು ತರುತ್ತೇನೆ, ಬಣ್ಣ ಮಾತ್ರ ಹಳದಿಯೇ ಆಗಬೇಕು. ಮೊನ್ನೆ ಭಾನುವಾರ ಮಮ್ಮಿ, ನಾನು, ಅನಿಶಾ ಕೂತು ಕಿಡಿಯೊ ಮಾಡುತ್ತಿದ್ದೆವು. ಲವಿಟಾ ಮುಂಬಯಿಯಿಂದ ಇಪ್ಪತ್ತಮೂರಕ್ಕೆ ಬರುವವಳು. ಇಷ್ಟು ವರ್ಷ ಕೇಳಲು ಆಗದೇ ಇದ್ದದ್ದನ್ನು, ಯಾಕೋ, ಕೈಯಲ್ಲಿ ಹಿಟ್ಟು ಇದ್ದದ್ದರಿಂದಲೋ ಏನೋ, ಅಂದು ಕೇಳಿಬಿಟ್ಟೆ.

"ಮಮ್ಮಿ, ಆ ಐದು ಬಾಚಣಿಗೆ ತಂದ ದಿನ ಡ್ಯಾಡಿ ಯಾವ ಅಂಗಿ ಹಾಕಿದ್ರು?"

ಮಮ್ಮಿ ಕೈಯ ಉಂಡೆಯನ್ನು ಪರಾತಕ್ಕೆ ಮರಳಿ ಹಾಕಿದಳು. "ನೆನಪಿಲ್ಲ ಬಾಯೆ. ನಾನು ಅವತ್ತು ನಿಮ್ಮ ಮೂವರನ್ನೇ ನೋಡ್ತಾ ಇದ್ದೆ. ಇನ್ನು ನೋಡ್ಲಿಕ್ಕೆ ಸಿಗ್ತೀರೋ ಇಲ್ವೋ ಅಂತ."

"ಡ್ಯಾಡಿ?"

"ಅವರು ನನ್ನನ್ನು ನೋಡ್ತಾ ಇದ್ರು."

ಅನಿಶಾ ಬಾಚಣಿಗೆಯ ಮೇಲಿದ್ದ ಉಂಡೆಯನ್ನು ನಿಧಾನ ಸುತ್ತಿ ತಟ್ಟೆಗೆ ಬಿಟ್ಟಳು.

"ಅಂಗಿ ನನಗೂ ಗೊತ್ತಿಲ್ಲ" ಎಂದಳು. "ಮೂಗಿನ ಮೇಲೆ ಮೈದಾ ಇತ್ತು. ಯಾರೂ ಹೇಳಲೇ ಇಲ್ಲ ಅವರಿಗೆ. ನಾನು ತೊಡೆಯ ಮೇಲೆ ಕೂತು ಅದನ್ನೇ ನೋಡ್ತಾ ಇದ್ದೆ. ಇಲ್ಲಿ."

ತೋರಿಸಲು ಹೋಗಿ ಅವಳ ಮೂಗಿನ ತುದಿಗೂ ಹಿಟ್ಟು ತಾಗಿತು. ಒರೆಸಲೆಂದು ಮಮ್ಮಿ ಸೆರಗು ಎತ್ತಿದಳು. ಎತ್ತಿದವಳು ಹಾಗೆಯೇ ಕೆಳಗಿಳಿಸಿದಳು. ನಾವಿಬ್ಬರೂ ಅದನ್ನು ನೋಡುತ್ತ ಕೂತೆವು.