ಎರಡು ಖಣಕ್ಕೆ ಬಂದ ಕರು

ಈ ಹೆಣ್ಣುಗರುವಿಗೆ ನಾನು ಕೊಟ್ಟದ್ದು ಎರಡು ಗುಳೇದಗುಡ್ಡ ಖಣ. ಅಷ್ಟು ಅಗ್ಗಕ್ಕೆ ಸಿಕ್ಕಿದ್ದು ಯಾಕೆಂದರೆ ಅದರ ತಾಯಿ ಈದ ವಾರದೊಳಗೇ ಸತ್ತಿತ್ತು, ಕರು ಬಾಟಲಿಗೆ ಬಾಯಿ ಹಾಕುತ್ತಿರಲಿಲ್ಲ. ಕುಬಸದ ಖಣ ಮಾರುತ್ತ ಚೊಳಚಗುಡ್ಡಕ್ಕೆ ಹೋದವಳು ಅದನ್ನು ಕಂಡೆ. ಊರೂರು ತಿರುಗಿ ವ್ಯಾಪಾರ ಕಲಿತವಳು ನಾನು. ಬೇಕಾದದ್ದರ ಕಡೆ ನೋಡದೆಯೇ ಚೌಕಾಸಿ ಮಾಡಬೇಕೆಂಬುದು ಗೊತ್ತು.

"ಇದು ಉಳಿಯಂಗಿಲ್ಲ ಬಿಡೋ ಅಣ್ಣಾ," ಎಂದೆ ಕರುವಿನ ಒಡೆಯನಿಗೆ.

"ಉಳಿಯಂಗಿಲ್ಲಂದ್ರ ನಿನಗ್ಯಾಕ ಬೇಕಕ್ಕಾ?"

"ನನಗ ಮಾತಾಡಾಕ ಮನ್ಯಾಗ ಯಾರದಾರ? ಇದಾದ್ರೂ ಒದರಲಿ."

ಅವನು ನಕ್ಕ. ಅವನ ಹೆಂಡತಿ ಆಗಲೇ ಖಣ ಒಳಗೆ ಒಯ್ದಿದ್ದಳು.

ಗೆಲ್ಲಲೆಂದು ಆಡಿದ ಮಾತು ಅದು. ಟಂಟಂ ಗಾಡಿಯಲ್ಲಿ ಕರುವನ್ನು ತೊಡೆಯ ಮೇಲಿಟ್ಟುಕೊಂಡು ನಮ್ಮೂರು ಕಮತಗಿ ಕಡೆ ಬರುವಾಗ ಆ ಮಾತು ಸುಳ್ಳಲ್ಲ ಅನ್ನಿಸಿತು. ನಮ್ಮ ಕಡೆ ತಲೆಬಾಗಿಲು ದಾಟಿದರೆ ಮೊದಲು ಸಿಗುವುದು ದನ ಕಟ್ಟುವ ಜಾಗ. ಅವು ಮೆಲುಕು ಹಾಕುವ ಸಪ್ಪಳದಲ್ಲೇ ಮೇಲಿನ ಕಟ್ಟೆಯ ಮೇಲೆ ಕೂತು ಉಣ್ಣುತ್ತೇವೆ. ಗಂಡ ತೀರಿಕೊಂಡ ಮೇಲೆ ಎತ್ತು ಮಾರಿದ್ದೆ. ಆ ಜಾಗ ಗುಡಿಸಿದರೂ ಖಾಲಿ, ಗುಡಿಸದಿದ್ದರೂ ಖಾಲಿ.

ಬೆರಳಿಗೆ ಹಾಲು ಹಚ್ಚಿ ಕರುವಿನ ಬಾಯಲ್ಲಿಟ್ಟೆ. ಚೀಪಿತು. ಚೀಪುತ್ತಿರುವಾಗಲೇ ಕೈಯನ್ನು ಬಕೀಟಿನ ಹಾಲಿಗೆ ಇಳಿಸಿದೆ. ಮೂತಿ ಮುಳುಗಿ ಸೀನಿತು, ಮತ್ತೆ ಚೀಪಿತು. ಆದರೆ ನಾನು ಪಕ್ಕದಲ್ಲಿದ್ದರೆ ಮಾತ್ರ. ಇಳಕಲ್ ಸಂತೆಗೆ ಹೋದ ದಿನ ಹಾಲು ಕುಡಿಸಲು ನೆರೆಮನೆಯ ಮುದುಕಿಗೆ ಹೇಳಿದ್ದೆ. ಸಂಜೆ ಬಂದರೆ ಹಾಲು ಹಾಗೇ ಇತ್ತು, ಕರು ಕಿವಿ ಜೋಲು ಬಿಟ್ಟು ಬಿದ್ದಿತ್ತು.

"ಬಾಗಲಕ್ಕ ಕಣ್ಣು ನೆಟ್ಟು ಕುಂತೈತಿ ನೋಡ. ನಿನ್ನ ಗಂಡನೂ ಇಷ್ಟ ದಾರಿ ಕಾದಿರಲಿಕ್ಕಿಲ್ಲ!" ಎಂದಳು ಮುದುಕಿ. "ಒಂಟಿ ಕರ ಉಳಿಯಂಗಿಲ್ಲ ತಂಗಿ. ಸಂತಿ ಬಿಡು, ಇಲ್ಲಾ ಜೋಡಿ ತಂದು ಕಟ್ಟು."

ಸಂತೆ ಬಿಟ್ಟರೆ ಹೊಟ್ಟೆಗಿಲ್ಲ. ಮುದುಕಿಯ ಹತ್ತಿರ ಬಕೀಟಿನಲ್ಲಿ ಕುಡಿಯಲು ಕಲಿತ ಹೋರಿಗರುವೊಂದಿತ್ತು.

"ನಿನ್ನ ಹೋರಿಗರ ಇಲ್ಲೇ ಇರಲಿ ಆಯಿ. ಹಾಲು, ಹುಲ್ಲು ಎಲ್ಲಾ ನಂದು."

"ಶ್ಯಾಣ್ಯಾಕಿ ಅದೀ! ಕರ ಬೆಳದ ಮ್ಯಾಲೆ ಕೊಡಂಗಿಲ್ಲ ಅಂದಗಿಂದೀ," ಎನ್ನುತ್ತಲೇ ಹಗ್ಗ ಹಿಡಿದು ತಂದಳು.

ಹೋರಿಗರು ಬಕೀಟಿಗೆ ಮೂತಿ ಹಾಕಿದ್ದೇ ತಡ, ನನ್ನದೂ ನುಗ್ಗಿತು. ಮುಂದಿನ ಸಂತೆಯಿಂದ ಬಂದಾಗ ಬಕೀಟು ನೆಕ್ಕಿದಂತೆ ಖಾಲಿಯಾಗಿತ್ತು. ಉಳಿಯಿತು ಎಂದುಕೊಂಡೆ. ಬಾಗಿಲಲ್ಲೇ ನಿಂತು ಸುಮ್ಮನೆ ಕೆಮ್ಮಿದೆ. ಎರಡೂ ಕುತ್ತಿಗೆಗೆ ಕುತ್ತಿಗೆ ಹಚ್ಚಿ ಮಲಗಿದ್ದವು. ನನ್ನ ಕರು ಕಿವಿ ಕೂಡ ಆಡಿಸಲಿಲ್ಲ.

"ಕುಡದಿ ಏನವ್ವಾ?" ಎಂದೆ, ಉಣ್ಣಲು ಕಟ್ಟೆಯ ಮೇಲೆ ಕೂತು ರೊಟ್ಟಿ ಮುರಿಯುತ್ತ. ಅದು ಹೋರಿಗರುವಿನ ಮುಖ ನೆಕ್ಕುತ್ತಿತ್ತು.

ಕರು ಸಾಕುವವರು ಕೇಳಿ: ಒಂದನ್ನೇ ತರಬೇಡಿ, ಎರಡು ತನ್ನಿ. ಹಾಲು ಉಗುರುಬೆಚ್ಚಗಿರಲಿ. ಕುಡಿದ ಕೂಡಲೇ ಎರಡನ್ನೂ ಒಟ್ಟಿಗೆ ಬಿಡಬೇಡಿ, ಒಂದರ ಹೊಕ್ಕುಳನ್ನು ಇನ್ನೊಂದು ಚೀಪಿ ಹುಣ್ಣು ಮಾಡುತ್ತದೆ. ಸ್ವಲ್ಪ ಹೊತ್ತು ದೂರ ಕಟ್ಟಿ, ಮುಂದೆ ಎಳೆಯ ಹುಲ್ಲು ಹಾಕಿ, ಬಾಯಿ ಒಣಗಿದ ಮೇಲೆ ಬಿಚ್ಚಿ. ಆಮೇಲೆ ನೀವು ಅಲ್ಲಿ ನಿಲ್ಲಬೇಕಾಗಿಲ್ಲ.