ಮೊದಲು ತಾತನ ಮುಂದೆ ಓದು

ವನಮಾಲಾ ಮಿಸ್ ದಿನಾ ಶ್ರೀರಂಗಪಟ್ಟಣದಿಂದ ಸ್ಕೂಟಿಯಲ್ಲಿ ಬಂದು, ಬಾಬುರಾಯನಕೊಪ್ಪಲಿನ ನಮ್ಮ ಮನೆ ಮುಂದೆ ಹೈಸ್ಕೂಲಿಗೆ ತಿರುಗುತ್ತಾರೆ. ಹೆಲ್ಮೆಟ್ಟಿನೊಳಗೇ ಪಾಠ ಗುನುಗಿಕೊಳ್ಳುವ ಹೆಂಗಸು. ಒಂಬತ್ತನೇ ಕ್ಲಾಸಿನ ನನ್ನ ಮಗಳು ಸಹನಳಿಗೆ ಅವರೇ ಇಂಗ್ಲಿಷ್.

ನಾನು ಓದಿದ್ದು ಮೈಸೂರಿನ ಕಾನ್ವೆಂಟಿನಲ್ಲಿ. ಅಲ್ಲಿ ವಿಡಂಬನೆ ಅಂದರೆ ಪರೀಕ್ಷೆಗೆ ಉರುಹೊಡೆಯುವ ಉತ್ತರ, ಅಷ್ಟೆ. ಈ ಮಿಸ್ ಅದನ್ನು ಮಕ್ಕಳ ಕೈಯಲ್ಲೇ ಇಂಗ್ಲಿಷಿನಲ್ಲಿ ಬರೆಸುತ್ತಾರೆ. ಹೊಗಳುತ್ತಾ ಹೋಗಿ, ತಪ್ಪು ತಾನಾಗಿ ಕಾಣಲಿ ಅನ್ನುತ್ತಾರೆ. ಜೊತೆಗೊಂದು ಕಟ್ಟಳೆ: ಯಾರ ಮೇಲೆ ಬರೆದಿರೋ ಅವರ ಮುಂದೆ ಮೊದಲು ಕನ್ನಡದಲ್ಲಿ ಓದಬೇಕು. ಅವರು ಬೇಡವೆಂದರೆ ಅದು ಕ್ಲಾಸಿಗೆ ಬರಕೂಡದು.

ಮಿಸ್ ಅವರ ತಂದೆ ಶ್ರೀಕಂಠಯ್ಯನವರು ಅರ್ಚಕರು. ಗುಡಿ ಬಾಗಿಲಲ್ಲಿ ಕಾರು ನಿಂತರೆ ಅಪ್ಪನ ಮಂತ್ರ ಉದ್ದವಾಗುತ್ತದೆಂದು ಮಿಸ್ ಹಿಂದೆ ಕಾಲೇಜಿನಲ್ಲಿ ಬರೆದು ಎಲ್ಲರನ್ನೂ ನಗಿಸಿದ್ದರಂತೆ. ಪೇಟೆಯವರ ಬಾಯಿಂದ ಕೇಳಿದ ತಂದೆ, "ನನಗೇ ಮೊದಲು ಓದಿದ್ದರೆ ನಾನೂ ನಗ್ತಿದ್ದೆನಲ್ಲಮ್ಮ" ಅಂದರಂತೆ. ಕಟ್ಟಳೆ ಹುಟ್ಟಿದ್ದು ಅಲ್ಲಿ.

ಸಹನ ಬರೆದದ್ದು ಅವಳ ತಾತನ ಮೇಲೆ, ಅಂದರೆ ನನ್ನ ಮಾವ ಕುಳ್ಳಯ್ಯನವರ ಮೇಲೆ. ಊರ ಸರ್ಕಲ್ಲಿನಲ್ಲಿ ಯಾರ ಹುಟ್ಟುಹಬ್ಬಕ್ಕೆ ಫ್ಲೆಕ್ಸ್ ಎದ್ದರೂ ಶುಭ ಕೋರುವವರ ಸಾಲಿನಲ್ಲಿ ಮಾವನವರ ಕೈಮುಗಿದ ಫೋಟೋ ಇರಲೇಬೇಕು. ಒಮ್ಮೆ ಬಿಟ್ಟುಹೋಗಿದ್ದಕ್ಕೆ ಆ ಮನೆಯ ಊಟಕ್ಕೇ ಹೋಗದವರು. ಮೊಮ್ಮಗಳ ಮಾತು ಚುಚ್ಚಿ, ಅವಳ ಜೊತೆ ಮಾತೇ ಬಿಟ್ಟರೆ?

ಮಿಸ್‌ರನ್ನು ಗೇಟಿನಲ್ಲೇ ತಡೆದೆ. "ಮಿಸ್, ಬೇರೆ ವಿಷಯ ಕೊಡಿ."

"ಓದಲಿ ಬಿಡಿ. ಬೇಡ ಅಂದ್ರೆ ಬೇಡ, ಅಲ್ಲಿಗೆ ಮುಗೀತು" ಎಂದು ನಿಧಾನವಾಗಿ ನಕ್ಕರು.

ಸಂಜೆ ಜಗಲಿಯಲ್ಲಿ ಸಹನ ಓದಿದಳು. "ನಮ್ಮ ತಾತ ಊರಿಗಾಗಿ ಬಿಸಿಲು ಮಳೆ ಎನ್ನದೆ ಸರ್ಕಲ್ಲಿನಲ್ಲಿ ಕೈಮುಗಿದು ನಿಂತಿದ್ದಾರೆ. ಕೆಳಗೆ ಚರಂಡಿ ಕಟ್ಟಿಕೊಂಡಿದೆ. ಅದಕ್ಕೂ ಕೈಮುಗಿಯುತ್ತಾರೆ. ಇಷ್ಟು ವಿನಯ ಯಾವ ಊರಲ್ಲಿದೆ?"

ಮಾವನವರು ಎಲೆಯಡಿಕೆ ಅಗಿಯುವುದನ್ನು ನಿಲ್ಲಿಸಿದರು. "ಇದ್ನ ಇಸ್ಕೂಲಲ್ಲಿ ಓದ್ಬ್ಯಾಡ ಕಣವ್ವ" ಎಂದು ಎದ್ದು ಒಳಗೆ ಹೋದರು. ಆ ರಾತ್ರಿ ಊಟಕ್ಕೆ ಸಹನಳನ್ನು ಕರೆಯಲಿಲ್ಲ. ದಿನಾ ಪಕ್ಕದಲ್ಲಿ ಕೂರಿಸಿಕೊಳ್ಳುತ್ತಿದ್ದವರು.

ಮರುದಿನ ಅವಳು ಮನೆಗೆ ಬರುವುದನ್ನೇ ಕಾಯುತ್ತಿದ್ದರು.

"ಓದ್ಬುಟ್ಯಾ?"

"ಇಲ್ಲ ತಾತ. ನೀನು ಬೇಡ ಅಂದ್ಯಲ್ಲ. ಮಿಸ್ಸು ಬ್ಯಾಗಿಂದ ತೆಗೀಬೇಡ ಅಂದ್ರು."

"ಏನ್ ಬರ್ದಿದ್ಯಾ ಅಂತ್ಲೂ ಕೇಳ್ನಿಲ್ವಾ?"

"ಕೇಳ್ಲಿಲ್ಲ."

ಮಾವನವರು ಟವೆಲ್ಲು ಕೊಡವಿ ಜಗಲಿಯ ಮೇಲೆ ಕೂತರು. "ನನ್ ಮಾತು ನಡುಸ್ಬುಟ್ರಲ್ಲವ್ವ, ಮೇಡಮ್ಮು!" ಎಂದು ಕೆಮ್ಮಿದರು. ಆಮೇಲೆ, "ತಗಿ ಅದ್ನ. ಇನ್ನೊಂದ್ಸಲ ಓದು."

ಈ ಸಲ ಚರಂಡಿಯ ಹತ್ತಿರ ಬಂದಾಗ ನಗುವಿಗೆ ಅವರ ಹೊಟ್ಟೆ ಕುಲುಕತೊಡಗಿತು. "ನಾಳೆ ಓದವ್ವ, ಓದು. ಆದ್ರೆ ನಾನೊಬ್ನೇಯಾ? ಫ್ಲೆಕ್ಸ್‌ನಾಗೆ ನನ್ ಪಕ್ಕ ಕೂಲಿಂಗ್ ಗ್ಲಾಸ್ ಆಕ್ಕಂಡ್ ನಿಂತವ್ನಲ್ಲ ಬೋರಯ್ಯ, ಅವನ್ನೂ ಸೇರ್ಸು!"

"ಆಗ ಬೋರಯ್ಯ ತಾತನ ಮುಂದೇನೂ ಓದ್ಬೇಕು. ಮಿಸ್ಸು ಹೇಳವ್ರೆ."

"ಓದ್ದೆ ಬುಟ್ಟಾರಾ? ನಡಿ, ನಾನೂ ಬತ್ತೀನಿ. ಅವ್ನ್ ಮೊಕ ನೋಡ್ಬೇಕು."

ಟವೆಲ್ಲನ್ನು ಹೆಗಲಿಗೆ ಹಾಕಿಕೊಂಡು ಮೊಮ್ಮಗಳ ಕೈಹಿಡಿದು ಹೊರಟೇಬಿಟ್ಟರು. ಬೋರಯ್ಯನವರ ಕೋಪ ನೆನೆದು ನಾನು ಮತ್ತೆ ಗೇಟಿನವರೆಗೆ ಓಡಿದೆ. ಆದರೂ ಕೂಗಿ ತಡೆಯಲಿಲ್ಲ. ಬೋರಯ್ಯನವರೂ ಜೊತೆಗೆ ಬಂದಾರೆಂದು ಮೂವರಿಗೂ ಆಗುವಷ್ಟು ಕಾಫಿಗೆ ನೀರಿಟ್ಟೆ.