ನಿಂದು ಬ್ಯಾರೆ ಲೈನು ಎಂದಿದ್ದೆ

ಮಂಜುಳಾ, ಆ ದಿನ ಪರೀಕ್ಷೆಯ ಹೊತ್ತಿಗೆ ಕಾಲೇಜಿನ ಇಂಟರ್‌ನೆಟ್ ನಿಂತುಹೋದದ್ದು ನಿನ್ನಿಂದಲ್ಲ. ನನ್ನಿಂದ. ಇದು ನನಗೆ ಆವತ್ತೇ ಗೊತ್ತಿತ್ತು. ಪ್ರಿನ್ಸಿಪಾಲರ ಕೋಣೆಯಲ್ಲಿ ನೀನು ತಲೆತಗ್ಗಿಸಿ ನಿಂತಿದ್ದಾಗಲೂ ಗೊತ್ತಿತ್ತು — ನಾನು ಪಕ್ಕದಲ್ಲೇ ಇದ್ದೆ, ಬಾಯಿ ಬಿಡಲಿಲ್ಲ.

ಆಂಧ್ರ ಗಡಿಯ ರಾಯದುರ್ಗದ ಈ ಕಾಲೇಜಿನಲ್ಲಿ ನಾನು ಭೌತಶಾಸ್ತ್ರ ಕಲಿಸುವವನು. ಕಂಪ್ಯೂಟರುಗಳ ಉಸಾಬರಿ ಬೇರೆ ಯಾರೂ ಒಪ್ಪದ್ದರಿಂದ ನನ್ನ ಕೊರಳಿಗೆ ಬಿತ್ತು. ಪ್ರಿಂಟರ್ ಕೆಟ್ಟರೂ ನಾನೇ, ಪ್ರಿನ್ಸಿಪಾಲರ ಕೋಣೆಯ ಫ್ಯಾನ್ ತಿರುಗದಿದ್ದರೂ ನಾನೇ. ದಣಿದಿದ್ದೆ. ಈಗಲೂ ದಣಿದಿದ್ದೇನೆ. ಆದರೆ ದಣಿದವರೆಲ್ಲ ಸುಳ್ಳು ಹೇಳುವುದಿಲ್ಲ, ಆದ್ದರಿಂದ ಆ ಮಾತನ್ನು ಇಲ್ಲಿಗೇ ಬಿಡುತ್ತೇನೆ.

ನೀನು ಮಡಕಶಿರಾ ತಾಲೂಕಿನ ಹೇಮಾವತಿ ಕಡೆಯ ಹಳ್ಳಿಯಿಂದ ಬಂದು ಪ್ರಾಣಿಶಾಸ್ತ್ರದ ಮೇಡಂ ಕೈಕೆಳಗೆ ಸಂಶೋಧನೆಗೆ ಸೇರಿದ್ದೆ. ನಿಮ್ಮ ಕಡೆ ರೇಷ್ಮೆ ಸಾಕುವವರು ದಿನಾ ಬೆಳಗ್ಗೆ ತಟ್ಟೆಯಲ್ಲಿರುವ ಹುಳುಗಳ ಫೋಟೊ ತೆಗೆದು ನಿನ್ನ ಫೋನಿಗೆ ಹಾಕುತ್ತಿದ್ದರು. ನೀನು ಅವನ್ನು ಕ್ಲೌಡ್‌ಗೆ, ಅಂದರೆ ದೂರದಲ್ಲೆಲ್ಲೋ ಇರುವ ಕಂಪನಿಯ ದೊಡ್ಡ ಕಂಪ್ಯೂಟರುಗಳಿಗೆ, ಏರಿಸುತ್ತಿದ್ದೆ. ಯಾವ ತಟ್ಟೆಗೆ ಹಾಲುತೊಂಡೆ ರೋಗ ತಗಲುತ್ತಿದೆ ಎಂದು ಅವು ಮೊದಲೇ ಗುರುತಿಸಬೇಕು, ನೀನು ರೈತರಿಗೆ ಫೋನ್ ಮಾಡಿ ಎಚ್ಚರಿಸಬೇಕು. ನಾಲ್ಕನೇ ಜ್ವರ, ಅಂದರೆ ಕೊನೆಯ ಸಲ ಪೊರೆ ಬಿಡುವುದು, ದಾಟಿದ ಹುಳು ಹಣ್ಣಾಗಿ ಗೂಡು ಕಟ್ಟುವ ಮುಂಚೆ ಸತ್ತರೆ ಮನೆಯವರಿಗೆ ಏನಾಗುತ್ತದೆ ಎಂದು ನನಗೆ ಹೇಳಿದವಳು ನೀನೇ. ಊರಿಂದ ಬರುವಾಗ ಬೇಯಿಸಿದ ಕಡ್ಲೆಕಾಯಿ ತರುತ್ತಿದ್ದೆ. ಅದಕ್ಕೆ ಶೇಂಗಾ ಅನ್ನಬೇಕು, ಇಲ್ಲವಾದರೆ ರಾಯದುರ್ಗದಲ್ಲಿ ಇಳಿಯಲು ಬಿಡುವುದಿಲ್ಲ ಎಂದು ನಾನು ಕಾಡಿಸುತ್ತಿದ್ದೆ.

ಕಾಲೇಜಿಗೆ ಎರಡು ಲೈನುಗಳಿದ್ದವು. ಒಂದು ಎಲ್ಲರೂ ಬಳಸುವ ಸಾಮಾನ್ಯ ಇಂಟರ್‌ನೆಟ್ — ಕಚೇರಿ, ಗ್ರಂಥಾಲಯ, ಪರೀಕ್ಷೆ ಎಲ್ಲ ಅದರ ಮೇಲೆಯೇ. ಇನ್ನೊಂದು ವಿಶ್ವವಿದ್ಯಾಲಯಗಳನ್ನೂ ಸಂಶೋಧನಾಲಯಗಳನ್ನೂ ಒಂದಕ್ಕೊಂದು ಜೋಡಿಸುವ ಜಾಲದ್ದು. ಅಗಲವಾದದ್ದು, ಹೆಚ್ಚು ಹೊತ್ತು ಖಾಲಿ ಬಿದ್ದಿರುತ್ತಿದ್ದದ್ದು. ಆ ವರ್ಷ ಈ ಜಾಲವನ್ನು ಕ್ಲೌಡ್ ಕಂಪನಿಗೆ ನೇರವಾಗಿ ಜೋಡಿಸಿದ್ದೇವೆ ಎಂದು ಜಾಲದವರು ತಿಳಿಸಿದರು. ನಮ್ಮ ಕಡೆ ಮಾಡಬೇಕಾದದ್ದು ಇಷ್ಟೇ: ಕ್ಲೌಡ್‌ಗೆ ಹೋಗುವುದೆಲ್ಲ ಆ ಖಾಲಿ ಲೈನಿನಲ್ಲಿ ಹೋಗಲಿ ಎಂದು ನಮ್ಮ ಯಂತ್ರಕ್ಕೆ ಹೇಳಿಕೊಡುವುದು. ಹೇಳಿಕೊಟ್ಟೆ. ಬೆಳಗ್ಗೆ ಹಾಕಿದರೆ ಮಧ್ಯಾಹ್ನದವರೆಗೆ ಏರುತ್ತಿದ್ದ ನಿನ್ನ ಫೋಟೊಗಳು ಚಹಾ ಕುಡಿದು ಬರುವಷ್ಟರಲ್ಲಿ ಹೋಗಿ ಮುಗಿದವು. ನೀನು ಕುರ್ಚಿಯಿಂದ ಎದ್ದು ನಿಂತು ನಕ್ಕಿದ್ದೆ. ನಾನೂ ಹೆಮ್ಮೆಪಟ್ಟೆ — ಯಾರೋ ಹಾಕಿಕೊಟ್ಟ ದಾರಿಗೆ ನಾನೇ ಕಲ್ಲು ಹೊತ್ತವನಂತೆ.

ಮಾರನೆಯ ವಾರ ಸಿಬ್ಬಂದಿಯ ಹಾಜರಾತಿ ಕೆಟ್ಟಿತು. ಫೋನಿಗೆ ಮುಖ ತೋರಿಸಿ ಹಾಜರಿ ಹಾಕುವ ಆ ಆ್ಯಪ್ ಕೂಡ ಅದೇ ಕ್ಲೌಡ್‌ನಲ್ಲಿತ್ತು. ಹೊಸ ದಾರಿಯಲ್ಲಿ ಏಕೋ ಅದು ತೆರೆದುಕೊಳ್ಳಲಿಲ್ಲ. ಗೇಟಿನ ಬಳಿ ಮೇಷ್ಟ್ರುಗಳೆಲ್ಲ ಫೋನ್ ಎತ್ತಿ ಹಿಡಿದು ತಮ್ಮ ಮುಖ ತಾವೇ ನೋಡಿಕೊಳ್ಳುತ್ತ ನಿಂತರು. ಇತಿಹಾಸದ ಮೇಷ್ಟ್ರು ನನ್ನ ಮೇಲೆ ಎಗರಿದರು.

"ಏನ್ರಿ ಇದು? ನಾವು ಎದುರಿಗೆ ನಿಂತ್ರೂ ಬಂದಿಲ್ಲ ಅಂತೈತಲ್ರಿ! ಕಾಲೇಜಿನ ವೈಫೈ ಬಿಟ್ಟು ನಮ್ಮ ಡೇಟಾ ನಾವ್ಯಾಕ ಖರ್ಚು ಮಾಡ್ಬೇಕ್ರಿ?"

ಜಾಲದವರಿಗೆ ಬರೆದು, ಫೋನ್ ಮಾಡಿ, ಎಲ್ಲಿ ಸಿಕ್ಕಿಕೊಂಡಿದೆ ಎಂದು ಹುಡುಕಬೇಕಿತ್ತು. ಕೆಲವು ದಿನ ಬೈಗುಳ ತಿಂದುಕೊಂಡು ಇರಬೇಕಿತ್ತು. ನಾನು ಸುಲಭದ್ದನ್ನು ಮಾಡಿದೆ. ಹೊಸ ದಾರಿಯನ್ನೇ ತೆಗೆದುಹಾಕಿದೆ. ಎಲ್ಲ ಮತ್ತೆ ಹಳೆಯ ಲೈನಿಗೆ ಬಂತು, ಹಾಜರಾತಿ ಬಿತ್ತು, ಮೇಷ್ಟ್ರುಗಳು ಬೆನ್ನು ತಟ್ಟಿದರು. ಸೋಮವಾರ ಸರಿಮಾಡಿದರಾಯಿತು ಎಂದುಕೊಂಡೆ — ಯಾವ ಸೋಮವಾರ ಎಂದು ಕೇಳುವವರು ಯಾರೂ ಇರಲಿಲ್ಲ. ನಿನಗೂ ಹೇಳಲಿಲ್ಲ. ಯಾಕೆ ಸಾರ್ ಮತ್ತೆ ನಿಧಾನ ಎಂದು ನೀನು ಕೇಳಿದ್ದಕ್ಕೆ, "ಜಾಲದವರ ಕಡೀಂದನ ತಡ ಆಗ್ತೈತಮ್ಮ" ಎಂದೆ. ಮೊದಲ ಸುಳ್ಳು ಅದು. ಎಷ್ಟು ಸಲೀಸಾಗಿ ಬಂತು ಎಂದರೆ —

ಇರಲಿ.

ಪರೀಕ್ಷೆಯ ಬೆಳಗ್ಗೆ ನೀನು ನನ್ನ ಹತ್ತಿರ ಬಂದು ಕೇಳಿದ್ದೆ. ನೀನು ಕೇಳದೆ ಏನೂ ಮಾಡಿದವಳಲ್ಲ.

"ಸಾರ್, ಇವತ್ತು ಹುಡುಗ್ರಿಗೆ ಆನ್‌ಲೈನ್ ಪರೀಕ್ಷೆ ಐತಂತೆ. ಈ ರೇಷ್ಮೆ ಬೆಳೇದು ಬಾಕಿ ಉಳಿದಿರೋ ಫೋಟೊ ಎಲ್ಲಾ ಕಳಿಸ್ಬೇಕಿತ್ತು. ಕಳಿಸ್ಲಾ, ಬ್ಯಾಡ್ವಾ?"

"ಕಳ್ಸಮ್ಮ," ಎಂದೆ. "ನಿಂದು ಬ್ಯಾರೆ ಲೈನು."

ಮರೆತು ಹೇಳಿದೆ ಎಂದು ಬರೆಯಬಹುದಿತ್ತು. ಅದು ಅರ್ಧ ನಿಜ. ಮಾತು ಬಾಯಿಂದ ಹೊರಟ ಕೂಡಲೇ, ಆ ದಾರಿಯನ್ನು ನಾನೇ ತೆಗೆದುಹಾಕಿದ್ದು ನೆನಪಾಯಿತು. ನೀನು ಇನ್ನೂ ಬಾಗಿಲು ದಾಟಿರಲಿಲ್ಲ. ಕರೆದು ಬೇಡ ಎಂದರೆ ಯಾಕೆಂದು ಹೇಳಬೇಕಾಗುತ್ತಿತ್ತು, ಇಷ್ಟು ದಿನ ಏಕೆ ಹೇಳಲಿಲ್ಲ ಎಂದೂ ಹೇಳಬೇಕಾಗುತ್ತಿತ್ತು. ಹೇಗೋ ನಡೆದುಹೋಗುತ್ತದೆ ಎಂದುಕೊಂಡು ಸುಮ್ಮನಾದೆ.

ನಡೆಯಲಿಲ್ಲ. ಲ್ಯಾಬಿನಲ್ಲಿ ಒಂದೊಂದೇ ಪರದೆ ನಿಂತಿತು. ಗುಮ್ಮಘಟ್ಟದಿಂದ ಆಟೋದಲ್ಲಿ ಒತ್ತಿಕೊಂಡು ಬಂದಿದ್ದ ಹುಡುಗಿಯೊಬ್ಬಳು ಅಳತೊಡಗಿದಳು. ಪರೀಕ್ಷೆ ಮುಂದಕ್ಕೆ ಹೋಯಿತು. ಪ್ರಿನ್ಸಿಪಾಲರು ಕೆಂಡವಾಗಿ ಬಂದು, ಲೈನನ್ನೆಲ್ಲ ತಿನ್ನುತ್ತಿರುವವರು ಯಾರು ಎಂದು ತೆಲುಗಿನಲ್ಲಿ ಕೂಗಿದರು — "ಎವರಯ್ಯಾ, ಲೈನಂತಾ ತಿನೇಸ್ತುನ್ನದಿ?"

ನಾನು ಪರದೆ ನೋಡಿ ಹೇಳಿದೆ: "ಮಂಜುಳಾ ಮೆಷಿನ್, ಸರ್."

ಅದು ನಿಜವೇ ಆಗಿತ್ತು. ನಾನು ಹೇಳಿದ ಸುಳ್ಳುಗಳಲ್ಲೆಲ್ಲ ಹೆಚ್ಚು ಕೆಟ್ಟದ್ದು ಅದು.

ಅವರ ಕೋಣೆಗೆ ಹೋಗುವ ಮುಂಚೆ ವರಾಂಡದಲ್ಲಿ ನಿನ್ನನ್ನು ತಡೆದು ಇನ್ನೊಂದು ಮಾತು ಹೇಳಿದೆ. "ಅಷ್ಟೊಂದು ಒಮ್ಮೆಲೇ ಕಳ್ಸಿದ್ರೆ ಯಾವ ಲೈನಾದ್ರೂ ತಡಕೊಳ್ತೈತೇನಮ್ಮ?" ನಿನಗೆ ನನ್ನ ಮೇಲೆ ನಂಬಿಕೆ. ಒಳಗೆ ಹೋಗಿ, ನಂದೇ ತಪ್ಪು ಸಾರ್, ಜಾಸ್ತಿ ಕಳಿಸ್ಬಿಟ್ಟೆ ಎಂದುಬಿಟ್ಟೆ. ನಾನು ಒಪ್ಪಿಗೆ ಕೊಟ್ಟಿದ್ದೆ ಎಂಬುದನ್ನು ಹೇಳಲೇ ಇಲ್ಲ. ನನಗೆ ಬೈಗುಳ ಬೀಳದಿರಲಿ ಎಂದಿರಬೇಕು.

ನಿನ್ನನ್ನು ಕಾಲೇಜಿನ ಎರಡೂ ಲೈನುಗಳಿಂದ ತೆಗೆದರು. ನಿವೃತ್ತಿಯ ಅಂಚಿನಲ್ಲಿದ್ದ ಮೇಡಂ ಜಗಳಕ್ಕೆ ಹೋಗಲಿಲ್ಲ. ಬೆಳೆ ಅರ್ಧದಲ್ಲಿದ್ದಾಗ ರೈತರ ಫೋಟೊಗಳಿಗೆ ಉತ್ತರ ನಿಂತಿತು, ಅವರು ಕಳಿಸುವುದನ್ನೂ ನಿಲ್ಲಿಸಿದರು, ನಿನ್ನ ಸಂಶೋಧನೆ ಅಲ್ಲಿಗೆ ಮುಗಿಯಿತು. ಹಾಸ್ಟೆಲಿನಿಂದ ನಿನ್ನನ್ನು ಕರೆದೊಯ್ಯಲು ಬಂದ ನಿಮ್ಮಪ್ಪ ಹೆಂಜೇರಪ್ಪನವರು ನನ್ನನ್ನು ಹುಡುಕಿಕೊಂಡು ಬಂದು ಕೈಮುಗಿದರು. "ನಮ್ ಹುಡ್ಗಿ ತಿಳೀದೆ ಮಾಡೈತೆ ಸ್ವಾಮಿ, ಮನ್ಸಿಗೆ ಹಾಕ್ಕಬ್ಯಾಡಿ," ಎಂದರು. ನಾನು ಆಗಲಿ ಎಂದೆ. ಮಂಜುಳಾ, ನಿಮ್ಮಪ್ಪನನ್ನು ನಾನು ಕ್ಷಮಿಸಿ ಕಳಿಸಿದೆ!

ಆಮೇಲೆ ಜಾಲದವರಿಗೆ ಬರೆದೆ. ಅವರು ಎರಡೇ ದಿನದಲ್ಲಿ ಸರಿಮಾಡಿಕೊಟ್ಟರು. ಹಾಜರಾತಿಯೂ ಹೊಸ ದಾರಿಯಲ್ಲೇ ನಡೆಯಿತು. ಅಷ್ಟೇ ಇದ್ದದ್ದು. ಆ ಖಾಲಿ ಲೈನನ್ನು ಬಳಸಲು ಮಾತ್ರ ಯಾರೂ ಉಳಿದಿರಲಿಲ್ಲ.

ಇಷ್ಟು ವರ್ಷ ಸುಮ್ಮನಿದ್ದವನು ಈಗ ಹೇಳುತ್ತಿರುವುದು ಮೊನ್ನೆ ಬಂದ ನಿನ್ನ ಫೋನಿನಿಂದ. ನೀನು ಈಗ ಮಡಕಶಿರಾದ ಶಾಲೆಯೊಂದರಲ್ಲಿ ಪಾಠ ಮಾಡುತ್ತಿದ್ದೀಯಂತೆ. ಅಲ್ಲಿಯ ಕಾಲೇಜಿಗೂ ಇದೇ ಜಾಲ, ಇದೇ ಕ್ಲೌಡ್ ದಾರಿ ಬರುತ್ತಿದೆಯಂತೆ. ರೇಷ್ಮೆಯ ಕೆಲಸವನ್ನು ಮತ್ತೆ ಶುರುಮಾಡು ಎಂದು ನಿನ್ನನ್ನೇ ಕರೆದರಂತೆ.

"ನಾನು ಒಲ್ಲೆ ಅಂದೆ ಸಾರ್. ನನ್ನ ಕೈಗುಣ ಚೆನ್ನಾಗಿಲ್ಲ. ಇನ್ನೊಂದ್ಸಲ ಮಕ್ಕಳ ಪರೀಕ್ಷೆ ಹಾಳಾದ್ರೆ? ನಿಮಗೆ ಗೊತ್ತಿರೋರು ಯಾರಾದ್ರೂ ಇದ್ರೆ ಹೇಳಿ ಸಾರ್. ಆವತ್ತು ನೀವಿದ್ದಿದ್ದಕ್ಕೆ ನಾನು ಅಷ್ಟರಲ್ಲೇ ಉಳಕೊಂಡೆ."

ನೋಡೋಣಮ್ಮ ಎಂದು ಫೋನ್ ಇಟ್ಟೆ. ಆಗಲೂ ಹೇಳಲಿಲ್ಲ. ನಿನ್ನ ಕೆಲಸವನ್ನಷ್ಟೇ ಕಳೆದೆ ಎಂದುಕೊಂಡಿದ್ದೆ. ನಿನಗೆ ನಿನ್ನ ಮೇಲಿದ್ದ ನಂಬಿಕೆಯನ್ನೇ ತೆಗೆದುಕೊಂಡು ಇಷ್ಟು ವರ್ಷ ಬದುಕಿದ್ದೇನೆ ಎಂದು ಗೊತ್ತಿರಲಿಲ್ಲ.

ನಿನ್ನೆ ಆ ಕಾಲೇಜಿನ ಪ್ರಿನ್ಸಿಪಾಲರಿಗೆ ಫೋನ್ ಮಾಡಿ ನಾನು ಮಾಡಿದ್ದನ್ನೆಲ್ಲ ಹೇಳಿದೆ. ನಮ್ಮ ಹಳೆಯ ಪ್ರಿನ್ಸಿಪಾಲರಿಗೂ ಹೇಳಿದೆ. ಈಗೇಕಯ್ಯಾ ಅದೆಲ್ಲ ಎಂದು ಅವರು ಬೇಸರಪಟ್ಟರು. ಉಳಿದವರು ನೀನು ಮತ್ತು ನಿಮ್ಮಪ್ಪ. ಭಾನುವಾರ ಬಸ್ಸಿಗೆ ನಿಮ್ಮ ಮನೆಗೆ ಬರುತ್ತೇನೆ. ನೀನು ಆ ಕೆಲಸಕ್ಕೆ ಹೋಗುತ್ತೀಯೋ ಇಲ್ಲವೋ, ಅದನ್ನು ಕೇಳುವ ಹಕ್ಕು ನನಗಿಲ್ಲ. ಒಳಗೆ ಕರೆಯಬೇಕೆಂದೂ ಇಲ್ಲ. ನಿಮ್ಮಪ್ಪನನ್ನು ಬಾಗಿಲಿಗೆ ಕರೆ, ಸಾಕು. ಈ ಸಲ ಕೈಮುಗಿಯಬೇಕಾದವನು ನಾನು.